ಮನೆ ಮಾರುವ ಮೊದಲು ಕಡಿಮೆ ಖರ್ಚಿನಲ್ಲಿ ಏನೇನು ಸರಿಮಾಡಿಸಬೇಕು? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಮಾರಬೇಕು ಅಂತ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದವು, ವಾಟ್ಸಾಪಿನಲ್ಲಿ ಗೋಡೆಯ ಫೋಟೋ ಕಳಿಸಿ ಕೇಳಿದವು, ಗಲ್ಫಿನಿಂದ ರಾತ್ರಿ ಫೋನ್ ಮಾಡಿ ಕೇಳಿದವು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ.

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮನೆ ನೋಡಲು ಬಂದವರು ನಿಜವಾಗಿ ನೋಡುವುದು ನೀರನ್ನು. ಬರಬಾರದ ಕಡೆ ಬರುತ್ತದಾ, ಬರಬೇಕಾದ ಕಡೆ ಬರುತ್ತದಾ ಅಂತ. ಕೈಯಲ್ಲಿರುವ ದುಡ್ಡು ಮೊದಲು ಅಲ್ಲಿಗೇ ಹೋಗಬೇಕು. ಉಳಿದರೆ ಬಣ್ಣ.

## ಶುರುವಿನ ಪ್ರಶ್ನೆಗಳು

ಹೇಗೂ ಮಾರುವ ಮನೆ. ಇನ್ನು ಅದಕ್ಕೆ ದುಡ್ಡು ಹಾಕುವುದು ಯಾಕೆ?

ಕೊಳ್ಳುವವರ ಕಡೆಯಿಂದ ಒಮ್ಮೆ ಯೋಚಿಸಿ. ಕೇರಳದಲ್ಲಿ ನೋಂದಣಿಗೆ ಸ್ಟಾಂಪ್ ಡ್ಯೂಟಿ ನೂರಕ್ಕೆ 8, ನೋಂದಣಿ ಶುಲ್ಕ ನೂರಕ್ಕೆ 2. 40 ಲಕ್ಷದ ಮನೆಗೆ ಇದೇ 4 ಲಕ್ಷ ಆಯಿತು. ಬ್ಯಾಂಕಿನವರು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ, ಉಳಿದದ್ದನ್ನು ಕೈಯಿಂದ ಹಾಕಬೇಕು. ಹೀಗೆ ಕೈ ಖಾಲಿಯಾದವರಿಗೆ ಗೃಹಪ್ರವೇಶ ಮಾಡಿದ ಮೊದಲ ಮಳೆಗೇ ಮಾಡು (ಛಾವಣಿ) ಸೋರುವುದು ಬೇಡ.

ಅದಕ್ಕೇ ಅವರು ಚೌಕಾಸಿ ಮಾಡುವಾಗ ರಿಪೇರಿಯ ಖರ್ಚನ್ನು ಮಾತ್ರ ಕಳೆಯುವುದಿಲ್ಲ, ತಮ್ಮ ಹೆದರಿಕೆಯನ್ನೂ ಸೇರಿಸಿ ಕಳೆಯುತ್ತಾರೆ. ಹತ್ತು ಸಾವಿರದಲ್ಲಿ ಮುಗಿಯುವ ಸೋರಿಕೆ ತೋರಿಸಿ ಲಕ್ಷ ರೂಪಾಯಿ ಕಡಿಮೆ ಕೇಳಿದರೆ ಆಶ್ಚರ್ಯಪಡಬೇಡಿ. ಆ ಹತ್ತು ಸಾವಿರ ನೀವೇ ಹಾಕಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಒಟ್ಟು ಎಷ್ಟು ಖರ್ಚು ಮಾಡಬಹುದು? ಒಂದು ಲೆಕ್ಕ ಹೇಳಿ.

ನಾನು ಹೇಳುವುದು ಮಾರುವ ಬೆಲೆಯಲ್ಲಿ ನೂರಕ್ಕೆ ಒಂದು, ಹೆಚ್ಚೆಂದರೆ ಎರಡು. 40 ಲಕ್ಷದ ಮನೆಗೆ 40ರಿಂದ 80 ಸಾವಿರ. ಅದನ್ನು ದಾಟಿದರೆ ವಾಪಸ್ ಬರುವುದು ಕಷ್ಟ.

ಇದಕ್ಕೆ ಒಂದು ಹೊರತು ಇದೆ. ಪೇಟೆಗೆ ಹತ್ತಿರ 30 ಸೆಂಟ್ ಜಾಗ, ನಡುವೆ ಹಳೇ ಮನೆ ಇದ್ದರೆ, ಕೊಳ್ಳುವವರು ಬಹುಶಃ ಅದನ್ನು ಕೆಡವುತ್ತಾರೆ. ಅಂಥ ಮನೆಗೆ ಒಂದು ರೂಪಾಯಿಯೂ ಬೇಡ. ಕಾಡು ಕಡಿಸಿ, ಗಡಿ ಕಲ್ಲು ಕಾಣುವ ಹಾಗೆ ಮಾಡಿಸಿ, ಸಾಕು.

ಯಾವ ತಿಂಗಳಲ್ಲಿ ಕೆಲಸ ಹಿಡಿಯಬೇಕು?

ಡಿಸೆಂಬರಿನಿಂದ ಏಪ್ರಿಲ್ ನಡುವಿನ ತನಕ. ಮಾಡಿನ ಕೆಲಸ ಎಷ್ಟೇ ತಡವಾದರೂ ಪತ್ತನಾಜೆಯ (ಮೇ ಕೊನೆಯ ವಾರದ ಸುಮಾರಿಗೆ ಬರುವ ತುಳುನಾಡಿನ ಆಚರಣೆಯ ದಿನ) ಒಳಗೆ ಮುಗಿದಿರಬೇಕು. ನಮ್ಮಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಗ ಹೊಡೆದ ಪೈಂಟ್ ಒಣಗುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಗಲ್ಫಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಸಂಸಾರ ಸಮೇತ ಊರಿಗೆ ಬಂದು ಮನೆ ಹುಡುಕುವವರು ಕೊಡೆ ಹಿಡಿದೇ ಬರುತ್ತಾರೆ. ಅವರು ನೋಡುವುದು ಜಡಿಮಳೆಯಲ್ಲಿರುವ ಮನೆಯನ್ನು. ಮೇ ತಿಂಗಳ ಒಳಗೆ ಕೆಲಸ ಮುಗಿಸಿದವರಿಗೆ ಅದು ಒಳ್ಳೆಯದೇ. ಹೊರಗೆ ಮಳೆ ಹೊಯ್ಯುವಾಗ ಒಳಗೆ ಒಣಗಿರುವ ಗೋಡೆ ತೋರಿಸಿದರೆ ಮತ್ತೆ ಬಾಯಲ್ಲಿ ಹೇಳುವುದು ಎಂತ ಇದೆ?

ಎರಡು ವರ್ಷದಿಂದ ಮನೆಗೆ ಬೀಗ ಹಾಕಿಯೇ ಇದೆ. ಎಲ್ಲಿಂದ ಶುರು ಮಾಡುವುದು?

ಕಿಟಕಿ ಬಾಗಿಲು ತೆರೆದು ಒಂದು ವಾರ ಗಾಳಿಯಾಡಲು ಬಿಡಿ. ಮುಗ್ಗಲು ವಾಸನೆ ಹೋಗಲಿಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಬಚ್ಚಲಿನಿಂದ ಗಬ್ಬು ವಾಸನೆ ಬರುತ್ತಿದ್ದರೆ ಪೈಪ್ ಒಡೆದಿದೆ ಅಂತ ಗಾಬರಿಯಾಗಬೇಡಿ. ನೆಲದ ಜಾಲರಿಯ ಕೆಳಗೆ, ಕಮೋಡಿನ ಬಾಗಿದ ಭಾಗದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಆ ನೀರೇ ಪಾಯಿಖಾನೆ ಗುಂಡಿಯ ಗಾಳಿಯನ್ನು ತಡೆಯುವುದು. ಬೀಗ ಹಾಕಿದ ಮನೆಯಲ್ಲಿ ಅದು ಆರಿಹೋಗುತ್ತದೆ. ಒಂದೊಂದು ಬಕೆಟ್ ನೀರು ಹೊಯ್ದರೆ ಹೆಚ್ಚಿನ ಕಡೆ ವಾಸನೆ ನಿಲ್ಲುತ್ತದೆ. ಮನೆ ತೋರಿಸುವ ಹಿಂದಿನ ದಿನವೂ ಇದನ್ನು ಮಾಡಿ.

ಆಮೇಲೆ ಪಂಪ್ ಚಾಲೂ ಮಾಡಿ ನೋಡಿ. ತುಂಬಾ ದಿನ ನಿಂತ ಮೋಟಾರ್ ಜಾಮ್ ಆಗಿರುತ್ತದೆ, ಫೂಟ್‌ವಾಲ್ವ್ ನೀರು ಹಿಡಿಯುವುದಿಲ್ಲ. ಬಂದವರ ಎದುರು ನಲ್ಲಿ ತಿರುಗಿಸಿ ಬರೀ ಗಾಳಿ ಬಂದರೆ ಚೆನ್ನಾಗಿರುವುದಿಲ್ಲ. ಅಟ್ಟದ ಬಾವಲಿ, ಇಲಿ, ಹಳೇ ಹಾಸಿಗೆ ಎಲ್ಲಾ ಹೊರಗೆ ಹೋಗಲಿ. ಖಾಲಿ ಮನೆ ದೊಡ್ಡದಾಗಿ ಕಾಣುತ್ತದೆ.

## ಬರಬಾರದ ಕಡೆ ನೀರು

ಹಂಚಿನ ಮಾಡು ಸೋರುತ್ತದೆ. ಪೂರ್ತಿ ಹಂಚು ಬದಲಿಸಬೇಕಾ?

ಸಾಮಾನ್ಯವಾಗಿ ಬೇಡ. ಮಂಗಳೂರು ಹಂಚು ಗಟ್ಟಿ ಆಯುಷ್ಯದ್ದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಈ ಹಂಚು ಕರಾವಳಿಯ ಮನೆಮನೆಗೂ ಬಂತು. ನೂರು ವರ್ಷ ದಾಟಿದ ಹಂಚುಗಳು ಇವತ್ತಿಗೂ ಕೆಲಸ ಮಾಡುತ್ತಿವೆ.

ಸೋರುವುದು ಹೆಚ್ಚಾಗಿ ಮೂರು ಕಡೆ. ಒಡೆದ ಅಥವಾ ಜಾರಿದ ಹಂಚು, ಮೂಲೆ ಹಂಚಿನ ಕೆಳಗೆ ಬಿರುಕು ಬಿಟ್ಟ ಗಾರೆ, ಎರಡು ಮಾಡು ಸೇರುವ ಕಡೆ ತರಗೆಲೆ ಕಟ್ಟಿಕೊಂಡ ದಂಬೆ (ಮಾಡಿನ ನೀರು ಹರಿಯುವ ಕೊಳವೆ). ಮೂರನ್ನೂ ಅನುಭವಿ ಕೆಲಸಗಾರರು ಬೇಗ ಸರಿಮಾಡುತ್ತಾರೆ. ಹಾವಸೆ ಕೆರೆಸಿ, ಕಸ ಗುಡಿಸಿ. ಬೇಕಾದ ಹಂಚನ್ನು ಹಳೇ ಮನೆ ಕೆಡವಿದ ಕಡೆಯಿಂದಲೇ ತನ್ನಿ. ಹೊಸ ಹಂಚಿನ ಅಳತೆ ಹಳೆಯದಕ್ಕೆ ಸರಿಯಾಗಿ ಕೂರದಿದ್ದರೆ ಸೇರುವ ಜಾಗದಲ್ಲಿ ಮತ್ತೆ ಸೋರುತ್ತದೆ. ಕತ್ತಲೆ ಕೋಣೆಗೆ ಒಂದೆರಡು ಗಾಜಿನ ಹಂಚು ಹಾಕಿಸಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಬೆಳಕು ಬೇರೆ ಯಾವುದರಿಂದಲೂ ಬರುವುದಿಲ್ಲ.

ಹಂಚು ತೆಗೆದಾಗ ಅದನ್ನು ಹೊತ್ತ ಮರದ ರೀಪು, ಪಕ್ಕಾಸನ್ನೂ ನೋಡಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ಮರವನ್ನು ಬದಲಿಸಲೇಬೇಕು.

ಹಂಚಿಗೆ ಪೈಂಟ್ ಹೊಡೆಸುವುದು ನೋಡಲಿಕ್ಕೆ ಚೆಂದ, ಸೋರಿಕೆ ಅದರಿಂದ ನಿಲ್ಲುವುದಿಲ್ಲ. ದುಡ್ಡು ಮಿಕ್ಕಿದರೆ ಮಾತ್ರ.

ಟೆರೇಸ್ ಸೋರುತ್ತಿದೆ. ಮೇಲೆ ಶೀಟ್ ಹಾಕಿಸಿಬಿಡುವುದಾ?

ಸ್ವಂತ ವಾಸಕ್ಕಾದರೆ ಹಾಕಿಸಿ ಅನ್ನುತ್ತಿದ್ದೆ. ಅಡಿಕೆ ಒಣಗಿಸಲಿಕ್ಕೆ, ಬಟ್ಟೆ ಹಾಕಲಿಕ್ಕೆ ಅದರಷ್ಟು ಅನುಕೂಲ ಇಲ್ಲ. ಮಾರುವ ಮನೆಗೆ ಅದು ದೊಡ್ಡ ಖರ್ಚು. ಪಂಚಾಯತಿನ ನಿಯಮ ಕೇಳದೆ ಹಾಕಿದರೆ ಆಮೇಲೆ ಕಾಗದದ ತಕರಾರೂ ಬರಬಹುದು.

ಮೊದಲು ನೀರು ಎಲ್ಲಿಂದ ಇಳಿಯುತ್ತದೆ ಅಂತ ಹುಡುಕಿ. ಅರ್ಧಕ್ಕರ್ಧ ಟೆರೇಸುಗಳಲ್ಲಿ ಕಾರಣ ತೀರಾ ಸಣ್ಣದು. ನೀರು ಹೋಗುವ ಪೈಪಿನ ಬಾಯಿ ಎಲೆಯಿಂದ ಕಟ್ಟಿರುತ್ತದೆ, ಇಲ್ಲವೇ ಪೈಪಿನ ಸುತ್ತಲಿನ ಸಿಮೆಂಟ್ ಬಿಟ್ಟಿರುತ್ತದೆ. ಅನುಮಾನ ಇದ್ದರೆ ಪೈಪ್ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಸ್ಲ್ಯಾಬಿನ ಕಬ್ಬಿಣ ಹೊರಗೆ ಕಾಣುವಷ್ಟು ಕೆಟ್ಟಿದ್ದರೆ ಈ ಪರೀಕ್ಷೆ ಬೇಡ, ಇಂಜಿನಿಯರರನ್ನು ಕರೆಯಿರಿ.

ಬಿರುಕುಗಳನ್ನು ಅಗಲಿಸಿ, ಪಾಲಿಮರ್ ಸೇರಿಸಿದ ಗಾರೆ ತುಂಬಿ, ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ ಕೊಡಬೇಕು. ಎರಡನೆಯದು ಮೊದಲಿನದಕ್ಕೆ ಅಡ್ಡಡ್ಡ. ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆಗೆ ಬಲೆ ಇಟ್ಟು ಹೊಡೆಸಿ. ಬಿಳಿ ಬಣ್ಣದ ಕೋಟಿಂಗ್ ಆದರೆ ಕೆಳಗಿನ ಕೋಣೆಯ ಸೆಕೆಯೂ ಸ್ವಲ್ಪ ಇಳಿಯುತ್ತದೆ. ಸ್ಲ್ಯಾಬ್ ಪೂರ್ತಿ ಒಣಗಿರುವ ಫೆಬ್ರವರಿ, ಮಾರ್ಚ್ ಇದಕ್ಕೆ ಸರಿಯಾದ ಕಾಲ.

ಗೋಡೆಯ ಬುಡದಲ್ಲಿ ಎರಡಡಿ ತನಕ ಪೈಂಟ್ ಎದ್ದು ಬರ್ತಾ ಇದೆ. ಎಷ್ಟು ಸಲ ಹೊಡೆದರೂ ಅಷ್ಟೇ.

ಮತ್ತೆ ಹೊಡೆಯಬೇಡಿ. ಮೊದಲು ಹೊರಗೆ ಹೋಗಿ ಅದೇ ಗೋಡೆಯ ಆಚೆ ಬದಿ ನೋಡಿ.

ನಮ್ಮ ಕಡೆ ಅಂಗಳಕ್ಕೆ ವರ್ಷವರ್ಷ ಮಣ್ಣು ಬೀಳುತ್ತಾ ಬರುತ್ತದೆ. ಹೂವಿನ ಗಿಡಕ್ಕೆ ಅಂತ ಗೋಡೆಗೆ ಒತ್ತಿ ಮಣ್ಣು ಏರಿಸುತ್ತಾರೆ. ಕೊನೆಗೆ ಪಂಚಾಂಗವೇ (ಗೋಡೆಯ ಕೆಳಗಿನ ಅಡಿಪಾಯದ ಕಟ್ಟೆ) ಹೂತುಹೋಗಿ ಮಣ್ಣು ಗೋಡೆಯನ್ನು ಮುಟ್ಟುತ್ತದೆ. ಕೆಂಪುಕಲ್ಲು ತೂತುತೂತಿನ ಕಲ್ಲು, ಮಣ್ಣಿನ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಜೊತೆಗೆ ಮಾಡಿನಿಂದ ಬಿದ್ದ ನೀರು ನೆಲಕ್ಕೆ ಅಪ್ಪಳಿಸಿ ಗೋಡೆಗೆ ಸಿಡಿಯುತ್ತದೆ.

ಮಣ್ಣನ್ನು ಪಂಚಾಂಗಕ್ಕಿಂತ ಕೆಳಗೆ ಇಳಿಸಿ. ನೀರು ಬೀಳುವ ಸಾಲಿನಲ್ಲಿ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಕಿಸಿ, ನೀರು ಹರಿದುಹೋಗಲು ಸಣ್ಣ ಕಣಿ ತೆಗೆಸಿ. ಒಬ್ಬಿಬ್ಬರು ಆಳುಗಳ ಕೆಲಸ. ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಫಲ ಕೊಡುವ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ಆಮೇಲೆ ಗೋಡೆ ಒಣಗಲು ಬಿಡಿ, ಬಿಳಿ ಉಪ್ಪನ್ನು ಒಣ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಒಣಗಿತಾ ಅಂತ ತಿಳಿಯಲು ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ, ಇನ್ನೂ ಕಾಯಬೇಕು. ಹೊರಬದಿಯಲ್ಲಿ ಮಾತ್ರ ಕಂಡರೆ ಅದು ಕೋಣೆಯ ಗಾಳಿಯ ತೇವ.

ಸೋರಿದ ಕಲೆ ಮೇಲೆ ಪೈಂಟ್ ಹೊಡೆದು ತೋರಿಸಿದರೆ ಯಾರಿಗೆ ಗೊತ್ತಾಗ್ತದೆ?

ಜೂನ್ ತಿಂಗಳಿಗೆ ಗೊತ್ತಾಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ನಿಮಗೆ ಗೊತ್ತಿರುವ ದೊಡ್ಡ ದೋಷವನ್ನು ನೀವು ಹೇಳಲೇಬೇಕು. ಸೋರುತ್ತಿತ್ತು, ಇಂಥ ತಿಂಗಳಲ್ಲಿ ಇಂಥ ಕೆಲಸ ಮಾಡಿಸಿದೆ, ಬಿಲ್ ಇಲ್ಲಿದೆ ಅಂದರೆ ಜನ ನಂಬುತ್ತಾರೆ.

## ಬರಬೇಕಾದ ಕಡೆ ನೀರು

ಬಾವಿಯ ನೀರು ಚೆನ್ನಾಗಿದೆ ಅಂತ ಹೇಳಿದರೆ ನಂಬುವುದಿಲ್ಲ. ಹೇಗೆ ತೋರಿಸುವುದು?

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ ಏಪ್ರಿಲ್ ಬಂದರೆ ಟ್ಯಾಂಕರ್ ಕಾಯುವ ಊರುಗಳಿವೆ. ಅದಕ್ಕೇ ಆಗಸ್ಟ್‌ನಲ್ಲಿ ತುಂಬಿದ ಬಾವಿ ತೋರಿಸಿದರೆ ಯಾರೂ ತಲೆಯಾಡಿಸುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ, ಮೇ ನಡುವಿನಲ್ಲಿ ಬಾವಿಯ ವಿಡಿಯೋ ತೆಗೆದಿಡಿ. ಆ ದಿನದ ಪತ್ರಿಕೆ ಚೌಕಟ್ಟಿನಲ್ಲಿರಲಿ. ನೀರು ಕಡಿಮೆ ಇರುವ ಆ ಹೊತ್ತಿನಲ್ಲೇ ಕೆಸರು ತೆಗೆಸಿ. ಬಾವಿಗೆ ಇಳಿಯುವ ಮೊದಲು ಉರಿಯುವ ದೀಪ ಇಳಿಸಿ ನೋಡುವ ಪದ್ಧತಿ ಸುಮ್ನೆ ಬಂದದ್ದಲ್ಲ, ಕೆಳಗೆ ಗಾಳಿ ಕೆಟ್ಟಿದ್ದರೆ ಪ್ರಾಣಕ್ಕೇ ಅಪಾಯ. ದೀಪ ಆರದಿದ್ದರೂ ಪಳಗಿದವರನ್ನೇ, ಹಗ್ಗ ಕಟ್ಟಿಯೇ ಇಳಿಸಿ. ಕಟ್ಟೆಗೆ ಸಾರಣೆ (ಪ್ಲಾಸ್ಟರ್), ಮೇಲೆ ಬಲೆ, ತುಕ್ಕು ಹಿಡಿದ ರಾಟೆಗೆ ಬದಲಿ. ಇಷ್ಟಾದರೆ ಬಾವಿ ನೋಡಲು ಹೊಸದೇ.

ಶುದ್ಧ ಮಾಡಲು ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಮೂರು ಮೀಟರ್ ಅಗಲದ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಅದು ಸುಮಾರು 14 ಸಾವಿರ ಲೀಟರ್, 35 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಗಸಿ ಕೆಳಗೆ ನಿಂತ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ.

ಜಲ ಪ್ರಾಧಿಕಾರದ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುರಕಲ್ಲಿನ (ಕೆಂಪುಕಲ್ಲಿನ) ನೆಲದ ಬಾವಿಗಳಲ್ಲಿ ನೀರಿಗೆ ಸ್ವಲ್ಪ ಹುಳಿ ಗುಣ ಇರುವುದು ಸಾಮಾನ್ಯ. ವರದಿಯಲ್ಲಿ ಪಿಎಚ್ 6.5ಕ್ಕಿಂತ ಕೆಳಗೆ ಕಂಡರೆ ಹೆದರಬೇಕಾಗಿಲ್ಲ, ಅದಕ್ಕೆ ಪರಿಹಾರ ಇದೆ. ನಿಜವಾಗಿ ನೋಡಬೇಕಾದದ್ದು ರೋಗಾಣು, ಸಮುದ್ರದ ಹತ್ತಿರವಾದರೆ ಉಪ್ಪು.

ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ಬೋರ್‌ವೆಲ್ ತೆಗೆಸಿಯೇ ಮಾರಬೇಕಾ?

ಬೋರ್‌ವೆಲ್ ಜೂಜು. ನೀರು ಸಿಗದಿದ್ದರೆ ದುಡ್ಡು ಹೋಯಿತು, ಮೇಲಿಂದ ಇಲ್ಲಿ ನೀರಿಲ್ಲ ಅಂತ ಊರಿಗೇ ಗೊತ್ತಾಗುತ್ತದೆ.

ಮಾಡಿನ ನೀರನ್ನು ಬಾವಿಗೆ ಇಂಗಿಸುವುದು ಅಗ್ಗ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲ್ಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಮಾಡು, 3000 ಮಿಲ್ಲಿಮೀಟರ್ ಮಳೆ, ಅಂದರೆ ವರ್ಷಕ್ಕೆ ಮೂರು ಲಕ್ಷ ಲೀಟರ್! ಅದರಲ್ಲಿ ಒಂದಷ್ಟು ಪಾಲು ಹಿಡಿದರೂ ಸಾಕಲ್ವಾ? ದಂಬೆ, ಪಿವಿಸಿ ಪೈಪ್, ಮರಳು ಜಲ್ಲಿ ತುಂಬಿದ ಸೋಸುವ ಡ್ರಮ್, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್. ಫಲ ಕಾಣಲು ಒಂದು ಮಳೆಗಾಲ ಬೇಕು ಅನ್ನುವುದು ನೆನಪಿರಲಿ. ನಾಳೆ ಮಾರುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ನಮ್ಮಲ್ಲಿ ಬಾವಿ ಇಲ್ಲ, ಸುರಂಗದ ನೀರು. ಹೊರಗಿನವರು ಗುಹೆ ಅಂತ ಹೆದರುತ್ತಾರೆ!

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಕರೆಂಟಿಲ್ಲದೆ, ಪಂಪಿಲ್ಲದೆ ನೀರು ಹರಿದು ಬರುತ್ತದೆ. ಗೊತ್ತಿಲ್ಲದವರಿಗೆ ಅದು ತೊಂದರೆ ಅನಿಸುತ್ತದೆ, ತೋರಿಸಿದರೆ ಅದೇ ಮನೆಯ ದೊಡ್ಡ ಗುಣ. ಬಾಯಿಯ ಮುಂದಿನ ಪೊದೆ ಕಡಿಸಿ, ಹೋಗುವ ದಾರಿಗೆ ನಾಲ್ಕು ಮೆಟ್ಟಿಲು ಮಾಡಿಸಿ, ನೀರು ಬಂದು ಬೀಳುವ ತೊಟ್ಟಿ ತೊಳೆಸಿ. ಬಂದವರನ್ನು ಒಳಗೆ ಮಾತ್ರ ಕರೆದುಕೊಂಡು ಹೋಗಬೇಡಿ.

ಬಾವಿಗೂ ಪಾಯಿಖಾನೆ ಗುಂಡಿಗೂ ಎಷ್ಟು ದೂರ ಇರಬೇಕು?

ಕೇರಳದ ಕಟ್ಟಡ ನಿಯಮದಲ್ಲಿ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕಡಿಮೆಯೆಂದರೆ ಏಳೂವರೆ ಮೀಟರ್ ದೂರ ಇರಬೇಕು. ಟೇಪ್ ಹಿಡಿದು ನೀವೇ ಅಳೆಯಿರಿ. ಕಡಿಮೆ ಇದ್ದರೆ ಟೈಲ್ಸ್, ಪೈಂಟ್ ಎಲ್ಲಾ ಬಿಟ್ಟು ಮೊದಲು ಗುಂಡಿಯ ಜಾಗ ಬದಲಿಸುವ ಯೋಚನೆ ಮಾಡಿ.

## ಬಣ್ಣ, ನೆಲ, ಅಡುಗೆಮನೆ

ಪೈಂಟ್ ಒಳಗೂ ಹೊರಗೂ ಹೊಡೆಯಲು ದುಡ್ಡಿಲ್ಲ. ಎಲ್ಲಿ ಹೊಡೆಯಲಿ?

ಎದುರಿನ ಗೋಡೆ, ಜಗಲಿ, ಚಾವಡಿ. ಬಂದವರು ಹೆಚ್ಚು ಹೊತ್ತು ಕೂರುವುದು ಅಲ್ಲೇ. ಉಳಿದ ಕೋಣೆಗಳನ್ನು ಒರೆಸಿ, ಮೊಳೆ ತೂತು ಮುಚ್ಚಿದರೆ ಸಾಕು. ತಿಳಿ ಬಣ್ಣ ಇರಲಿ. ಮಗನ ಇಷ್ಟದ ನೇರಳೆ ಗೋಡೆ ಕೊಳ್ಳುವವರಿಗೆ ಇಷ್ಟ ಆಗಬೇಕಾಗಿಲ್ಲ.

ಹಳೇ ಸುಣ್ಣದ ಗೋಡೆಗೆ ನೇರ ಎಮಲ್ಷನ್ ಹೊಡೆಯಬೇಡಿ, ಸುಣ್ಣದ ಜೊತೆಗೇ ಪದರ ಪದರವಾಗಿ ಕಳಚುತ್ತದೆ. ಕೆರೆದು, ಪ್ರೈಮರ್ ಹಚ್ಚಿ ಆಮೇಲೆ ಹೊಡೆಯಬೇಕು. ಇಲ್ಲವಾದರೆ ಸುಣ್ಣವನ್ನೇ ಮತ್ತೊಮ್ಮೆ ಬಳಿಸಿ. ಹಂಚಿನ ಮನೆಗೆ ಬಿಳಿ ಸುಣ್ಣ ಒಪ್ಪುತ್ತದೆ, ಖರ್ಚೂ ತೀರಾ ಕಡಿಮೆ. ಹೊಸ ಸಾರಣೆ ಮಾಡಿಸಿದ ಕಡೆ ಒಂದು ತಿಂಗಳಾದರೂ ಬಿಟ್ಟು ಪೈಂಟ್ ಮಾಡಿ.

ಸಾರಣೆ ಇಲ್ಲದ ಕೆಂಪುಕಲ್ಲಿನ ಗೋಡೆ ಕಪ್ಪಾಗಿದೆ. ಸಾರಣೆ ಮಾಡಿಸಲಾ?

ಬೇಡ. ತೊಳೆಸಿ. ಬ್ಲೀಚಿಂಗ್ ನೀರು ಹಚ್ಚಿ, ನಾರಿನ ಬ್ರಶ್‌ನಿಂದ ಉಜ್ಜಿದರೆ ಹಾವಸೆ ಬಿಡುತ್ತದೆ. ಕಾರು ತೊಳೆಯುವ ಜೋರು ಒತ್ತಡದ ಪಂಪ್ ಹಿಡಿದರೆ ಕಲ್ಲಿನ ಮೈ ಉದುರುತ್ತದೆ, ಮಣ್ಣಿನ ಗಾರೆಯ ಸಂದು ಬಾಯಿಬಿಡುತ್ತದೆ. ಸಂದು ತುಂಬಿಸಿ, ಒಣಗಿದ ಮೇಲೆ ನೀರು ಹಿಡಿಯದ ಕ್ಲಿಯರ್ ಕೋಟ್ ಹೊಡೆಯಿರಿ. ಈಗ ಹೊಸ ಮನೆ ಕಟ್ಟುವವರೇ ಕೆಂಪುಕಲ್ಲು ಕಾಣಲಿ ಅಂತ ಬಿಡುತ್ತಾರೆ.

ಕಾವಿ ನೆಲ ಹಳತಾಯಿತು. ಟೈಲ್ಸ್ ಹಾಕಿಸಿದರೆ ಬೆಲೆ ಜಾಸ್ತಿ ಸಿಗುತ್ತದಾ?

ಟೈಲ್ಸಿನ ಖರ್ಚು ಬೆಲೆಯಲ್ಲಿ ಪೂರ್ತಿ ಬರುವುದಿಲ್ಲ. ಹಳೇ ನೆಲದ ಮೇಲೇ ಟೈಲ್ಸ್ ಕೂರಿಸಿದರೆ ನೆಲ ಏರಿ, ಬಾಗಿಲುಗಳ ಕೆಳಗೆ ಕೊಯ್ಯಿಸಬೇಕಾಗುತ್ತದೆ. ಕಾವಿ ನೆಲವನ್ನು ಚೆನ್ನಾಗಿ ತೊಳೆದು, ಒಣಗಿಸಿ, ವ್ಯಾಕ್ಸ್ ಪಾಲಿಶ್ ಮಾಡಿಸಿ. ಚಾವಡಿಯ ಹೊಳೆಯುವ ಕೆಂಪು ನೆಲಕ್ಕೆ ಮರುಳಾಗುವವರು ಇದ್ದಾರೆ.

ಅಡುಗೆಮನೆ, ಬಾತ್‌ರೂಮಿಗೆ ಎಷ್ಟು ಹಾಕಬಹುದು?

ಮಾಡ್ಯುಲರ್ ಕಿಚನ್ ಬೇಡವೇ ಬೇಡ. ಅದು ಕೊಳ್ಳುವವರ ಇಷ್ಟದ ವಿಷಯ. ಸೋರುವ ನಲ್ಲಿ ಬದಲಿಸಿ, ಸಿಂಕಿನ ಕೆಳಗಿನ ಪೈಪ್ ಹೊಸದು ಹಾಕಿ, ಒಲೆಯ ಮಸಿ ಹಿಡಿದ ಗೋಡೆ ಉಜ್ಜಿ. ಬಾತ್‌ರೂಮಿನಲ್ಲಿ ಟೈಲ್ಸ್ ಸಂದಿನ ಕಪ್ಪು ಕೆರೆದು ಹೊಸ ಗ್ರೌಟ್ ತುಂಬಿಸಿ. ಫ್ಲಶ್, ಹೆಲ್ತ್ ಫಾಸೆಟ್, ಕನ್ನಡಿ, ಬಲ್ಬ್ ಹೊಸದಾಗಲಿ. ಟೈಲ್ಸ್ ಒಡೆಯುವ ಕೆಲಸಕ್ಕೆ ಕೈ ಹಾಕಬೇಡಿ, ಒಂದು ಒಡೆದರೆ ಒಳಗಿನ ಹಳೇ ಪೈಪ್ ಹತ್ತು ಕೆಲಸ ತೋರಿಸುತ್ತದೆ.

ಮಳೆಗಾಲದಲ್ಲಿ ಬಾಗಿಲು ಕಚ್ಚುತ್ತದೆ. ಉಜ್ಜಿಸಲಾ?

ಜುಲೈಯಲ್ಲಿ ಆಚಾರಿ ಕರೆದು ಉಜ್ಜಿಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ. ಕಚ್ಚುವ ಜಾಗಕ್ಕೆ ಈಗ ಗುರುತು ಮಾಡಿ, ಮರ ಒಣಗಿದ ಮೇಲೆ ಅಷ್ಟೇ ತೆಳುವಾಗಿ ತೆಗೆಸಿ. ಬಾಗಿಲಿನ ಮೇಲಂಚು ಕೆಳಂಚಿಗೂ ಪಾಲಿಶ್ ಹಚ್ಚಿಸಿ. ತೇವ ಹೀರುವುದು ಅಲ್ಲಿಂದಲೇ.

ಗೆದ್ದಲು ಇದೆ. ಔಷಧಿ ಹೊಡೆಸಿದರೆ ಸಾಕಾ?

ಕಾಣುವ ಗೆದ್ದಲ ದಾರಿಯನ್ನು ಕೆರೆದು ಪೈಂಟ್ ಹೊಡೆದರೆ ಗೆದ್ದಲು ಹೋಗುವುದಿಲ್ಲ. ಗೋಡೆ ಬುಡದಲ್ಲಿ ತೂತು ಕೊರೆದು ಔಷಧಿ ಹಾಕುವ ಕೆಲಸವನ್ನು ತಿಳಿದವರಿಂದ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಆದರೆ ಬಾವಿ ಎಷ್ಟು ದೂರ ಇದೆ ಅಂತ ಅವರಿಗೆ ಮೊದಲೇ ಹೇಳಿ. ಎಂಡೋಸಲ್ಫಾನ್ ಕಂಡ ಊರು ನಮ್ಮದು, ವಿಷದ ವಿಷಯದಲ್ಲಿ ಕೊಳ್ಳುವವರು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಣಗಿದ ಸೌದೆ, ಹಳೇ ಹಲಗೆಯನ್ನು ಗೋಡೆಗೆ ಒರಗಿಸಿ ಇಡದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ.

ವೈರಿಂಗ್ ಹಳೇದು. ಪೂರ್ತಿ ಬದಲಿಸಬೇಕಾ?

ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿ. ತಂತಿ ಗಟ್ಟಿ ಇದ್ದರೆ ಒಡೆದ ಸ್ವಿಚ್, ಸುಟ್ಟ ಹೋಲ್ಡರ್ ಬದಲಿಸಿ, 30 ಮಿಲ್ಲಿಆಂಪಿಯರಿನ ಶಾಕ್ ತಡೆಯುವ ಬ್ರೇಕರ್ ಹಾಕಿಸಿ, ಅರ್ಥಿಂಗ್ ನೋಡಿಸಿ. ಎಲ್ಲಾ ಕೋಣೆಗೂ ಒಂದೇ ಬಣ್ಣದ ಬೆಳಕಿನ ಎಲ್‌ಇಡಿ ಹಾಕಿ.

## ಮನೆಯ ಹೊರಗೆ

ಅಂಗಳದ ತನಕ ಕಾರು ಬರುವುದಿಲ್ಲ. ಅದಕ್ಕೆ ಬೆಲೆ ಕಡಿಮೆ ಕೇಳುತ್ತಾರೆ.

ಕೇಳುವುದು ಸಹಜ. ಅಜ್ಜ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಎಂತ ಮಾಡುವುದು ಅಂತಲೇ ಎಲ್ಲರ ಮೊದಲ ಯೋಚನೆ. ದಾರಿಗೆ ಜಾಗ ಇದ್ದು ಹೊಂಡ ಮಾತ್ರ ಇದ್ದರೆ ಜಲ್ಲಿ ಹಾಕಿಸಿ ರೋಲರ್ ಮಾಡಿಸಿ. ಏರಿನಲ್ಲಿ ಚಕ್ರ ಹೋಗುವ ಎರಡು ಸಾಲಿಗೆ ಮಾತ್ರ ಕಾಂಕ್ರೀಟ್ ಮಾಡಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ದಾರಿ ಪಕ್ಕದವರ ಜಾಗದಲ್ಲಿದ್ದರೆ ಕೆಲಸ ಶುರುಮಾಡುವ ಮೊದಲು ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಹೆದ್ದಾರಿ ಬದಿಯ ಮನೆಯಾದರೆ, ಆರು ಪಥ ಆದ ಮೇಲೆ ಸರ್ವಿಸ್ ರೋಡಿನಿಂದ ಎಲ್ಲಿ ತಿರುಗಬೇಕು ಅಂತ ಒಂದು ಸಣ್ಣ ನಕ್ಷೆ ಕಳಿಸಿ. ದಾರಿ ತಪ್ಪಿ ನಾಲ್ಕು ಕಿಲೋಮೀಟರ್ ಸುತ್ತಿ ಬಂದವರು ಸಿಟ್ಟಿನಲ್ಲೇ ಮನೆ ನೋಡುತ್ತಾರೆ.

ಪಾಗಾರ (ಕಾಂಪೌಂಡ್ ಗೋಡೆ) ಕಟ್ಟಿಸಿ ಮಾರುವುದಾ?

ಬೇಡ. ಗಡಿ ಕಲ್ಲುಗಳನ್ನು ಹುಡುಕಿ, ಸುಣ್ಣ ಬಳಿದು, ಒಂದು ಸಾಲು ಹಗ್ಗ ಎಳೆದು ತೋರಿಸಿ. ಇರುವ ಪಾಗಾರ ಬಿದ್ದಿದ್ದರೆ ಗೇಟಿನ ಎರಡೂ ಬದಿ ಮಾತ್ರ ಎತ್ತಿಸಿ.

## ಸ್ವಲ್ಪ ಆಳದ ಪ್ರಶ್ನೆಗಳು

ಹಿಂದೆ ಒಂದು ಕೋಣೆ ಎಳೆದಿದ್ದೇವೆ, ಪಂಚಾಯತಿಗೆ ಹೇಳಿಲ್ಲ. ಅದಕ್ಕೆ ಟೈಲ್ಸ್ ಹಾಕಿಸಲಾ?

ಟೈಲ್ಸಿನ ದುಡ್ಡನ್ನು ಕಾಗದಕ್ಕೆ ಹಾಕಿ. ಸಾಲ ಕೊಡುವ ಬ್ಯಾಂಕಿನ ಇಂಜಿನಿಯರ್ ನಕ್ಷೆ ಹಿಡಿದು ಬಂದು ಅಳೆಯುತ್ತಾರೆ. ನಕ್ಷೆಯಲ್ಲಿ ಇಲ್ಲದ ಕೋಣೆ ಕಂಡರೆ ಸಾಲವೇ ನಿಲ್ಲಬಹುದು. ಪಂಚಾಯತಿನಲ್ಲಿ ಸಕ್ರಮ ಮಾಡಿಸಲು ಆಗುತ್ತದಾ ಅಂತ ಮೊದಲು ವಿಚಾರಿಸಿ. ಕಟ್ಟಡ ತೆರಿಗೆ, ವಿಲೇಜ್ ಆಫೀಸಿನ ಭೂತೆರಿಗೆ ರಶೀದಿ ಎರಡೂ ಈ ವರ್ಷದ್ದಿರಲಿ.

ನಮ್ಮ ಹಳೇ ಕ್ರಯಪತ್ರ ಕನ್ನಡದಲ್ಲಿದೆ. ಕಣ್ಣೂರಿನ ಪಾರ್ಟಿ ಓದಲಿಕ್ಕೆ ಆಗುವುದಿಲ್ಲ ಅಂತಾರೆ.

1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವರು, ಹಳೇ ಪತ್ರ ಕನ್ನಡದಲ್ಲಿ ಇರುವುದು ಸಹಜ. ಎರಡೂ ಭಾಷೆ ಬಲ್ಲ ವಕೀಲರಿಂದ ಮಲಯಾಳಂ ಅಥವಾ ಇಂಗ್ಲಿಷ್ ಅನುವಾದ ಮಾಡಿಸಿ ಮೂಲದ ಜೊತೆ ಇಡಿ. ಒಂದು ಗೋಡೆ ಪೈಂಟ್ ಮಾಡುವುದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಮನೆಯಲ್ಲಿ ದೈವದ ಕೋಣೆ ಇದೆ, ಹಿಂದೆ ನಾಗನ ಕಲ್ಲೂ ಇದೆ. ತೆಗೆಸಿ ಮಾರುವುದಾ, ಹಾಗೇ ಮಾರುವುದಾ?

ಮೇಸ್ತ್ರಿಯ ಹತ್ತಿರ ಕೇಳುವ ಪ್ರಶ್ನೆ ಇದಲ್ಲ. ಕುಟುಂಬದ ಹಿರಿಯರು, ತಂತ್ರಿಗಳು ಕೂತು ತೀರ್ಮಾನಿಸಬೇಕು. ಅಲ್ಲಿಯ ತನಕ ಒಡೆಯುವುದು, ಸ್ಟೋರ್ ರೂಮ್ ಮಾಡುವುದು, ಪೈಂಟ್ ಹೊಡೆದು ಮರೆಸುವುದು ಬೇಡ. ಕೊಳ್ಳುವವರಿಗೆ ಮೊದಲ ದಿನವೇ ಹೇಳಿ. ಕೆಲವರು ನಡೆಸಿಕೊಂಡು ಹೋಗುತ್ತೇವೆ ಅನ್ನುತ್ತಾರೆ. ಕೆಲವು ಕುಟುಂಬಗಳು ನಾಗನ ಜಾಗದ ಎರಡು ಸೆಂಟ್ ಮತ್ತು ಅಲ್ಲಿಗೆ ಹೋಗುವ ದಾರಿಯನ್ನು ತಮಗೇ ಉಳಿಸಿಕೊಂಡು ಉಳಿದದ್ದನ್ನು ಮಾರುತ್ತವೆ. ಹಾಗೆ ಮಾಡುವುದಾದರೆ ದಾರಿಯ ಹಕ್ಕನ್ನು ಪತ್ರದಲ್ಲೇ ಬರೆಸಿ. ಈಗ ಮಾಡಬೇಕಾದದ್ದು ಗುಡಿಸಿ ಶುದ್ಧವಾಗಿಡುವುದು ಅಷ್ಟೇ.

ಗೋಡೆಯಲ್ಲಿ ಬಿರುಕು ಇದೆ. ಮುಚ್ಚಿದರೆ ಆಯಿತಾ?

ಒಂದು ಮಿಲ್ಲಿಮೀಟರಿಗಿಂತ ಸಣ್ಣ, ಕೂದಲೆಳೆಯಂಥ ಬಿರುಕು ಹೆಚ್ಚಾಗಿ ಸಾರಣೆಯದ್ದು, ತುಂಬಿಸಿ ಮುಚ್ಚಬಹುದು. ಅದಕ್ಕಿಂತ ಅಗಲ ಇದ್ದು, ಓರೆಯಾಗಿ ಕಲ್ಲನ್ನೂ ಸೀಳಿಕೊಂಡು ಹೋಗಿದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಕು ಬರೆಯಿರಿ. ಒಂದೆರಡು ತಿಂಗಳಲ್ಲಿ ಗೆರೆ ದಾಟಿದರೆ ಇಂಜಿನಿಯರರಿಗೆ ತೋರಿಸಿ.

ಸೋಲಾರ್ ಹಾಕಿಸಿದರೆ ಒಳ್ಳೇ ಬೆಲೆ ಬರುತ್ತದಂತೆ?

ಪಿಎಂ ಸೂರ್ಯಘರ್‌ನಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದ್ದರೂ ಉಳಿದದ್ದು ಕೈಯಿಂದಲೇ ಹೋಗಬೇಕು. ವಾಸ ಮಾಡುವವರಿಗೆ ಅದು ಲಾಭ. ಮಾರಲು ಹೊರಟವರಿಗೆ ಬೇಡ.

ಈ ಖರ್ಚನ್ನೆಲ್ಲಾ ಆದಾಯ ತೆರಿಗೆಯಲ್ಲಿ ತೋರಿಸಬಹುದಾ?

ಎಲ್ಲವನ್ನೂ ಅಲ್ಲ. ಹೊಸ ಕೋಣೆ, ಹೊಸ ಬಾವಿಯಂಥ ಶಾಶ್ವತ ಸೇರ್ಪಡೆಯನ್ನು ಸುಧಾರಣೆಯ ವೆಚ್ಚವಾಗಿ ಲಾಭದಿಂದ ಕಳೆಯಬಹುದು. ಪೈಂಟ್, ನಲ್ಲಿ, ಹಂಚು ಸರಿಮಾಡಿದ್ದು ಬರೀ ರಿಪೇರಿ. ಬ್ರೋಕರ್ ಕಮಿಷನ್ ಕಳೆಯಲು ಆಗುತ್ತದೆ, ರಶೀದಿ ಬೇಕು. ಮನೆ ಕೈಯಲ್ಲಿದ್ದು 24 ತಿಂಗಳು ದಾಟಿದ್ದರೆ ಅದು ದೀರ್ಘಾವಧಿ ಲಾಭ, ತೆರಿಗೆ 12.5 ಶೇಕಡಾ. 2024ರ ಜುಲೈ 23ಕ್ಕೆ ಮೊದಲು ಬಂದ ಮನೆಯಾದರೆ, ಊರಲ್ಲೇ ಇರುವವರು ಹಣದುಬ್ಬರ ಸೇರಿಸಿ 20 ಶೇಕಡಾದ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು.

ಗಲ್ಫಿನಲ್ಲಿರುವವರು ಮಾರುವಾಗ ಜಾಗ್ರತೆ. ಊರಲ್ಲೇ ಇರುವವರು ಮಾರಿದರೆ, ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಮೇಲಿದ್ದಾಗ ಕೊಳ್ಳುವವರು ಕೊಡುವ ದುಡ್ಡಿನಿಂದ 1 ಶೇಕಡಾ ಟಿಡಿಎಸ್ (ಮುಂಗಡ ತೆರಿಗೆ ಕಡಿತ) ಹಿಡಿಯುವ ನಿಯಮ. ಅನಿವಾಸಿ ಮಾರಿದರೆ ಆ 50 ಲಕ್ಷದ ಮಿತಿಯೂ ಇಲ್ಲ, ಹಿಡಿಯುವ ದರವೂ ಜಾಸ್ತಿ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ.

ಬಂದವರು ಇದೂ ಮಾಡಿಸಿಕೊಡಿ, ಅದೂ ಮಾಡಿಸಿಕೊಡಿ, ಆಮೇಲೆ ಅಡ್ವಾನ್ಸ್ ಅಂತಾರೆ. ಒಪ್ಪುವುದಾ?

ಬಾಯಿಮಾತಿಗೆ ಕೆಲಸ ಹಿಡಿಯಬೇಡಿ. ಅವರ ಇಷ್ಟದ ಟೈಲ್ಸ್ ಹಾಕಿಸಿದ ಮೇಲೆ ಅವರು ಬರದಿದ್ದರೆ ಅದು ನಿಮಗೇ ಉಳಿಯಿತು. ಅಡ್ವಾನ್ಸ್ ಕೊಟ್ಟು, ಕರಾರು ಪತ್ರದಲ್ಲಿ ಯಾವ ಕೆಲಸ, ಯಾರ ಖರ್ಚು, ಯಾವ ತಾರೀಕಿನ ಒಳಗೆ ಅಂತ ಬರೆದರೆ ಸರಿ. ಇಲ್ಲವಾದರೆ ಆ ಕೆಲಸದ ಅಂದಾಜು ಖರ್ಚನ್ನು ಮೇಸ್ತ್ರಿಯಿಂದ ಬರೆಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಿ, ಮನೆ ಇದ್ದ ಹಾಗೇ ಕೊಟ್ಟುಬಿಡಿ.